ಸಹಾಯ ಬೇಕು: ರಾತ್ರಿ ಬಸ್ಸಿನಲ್ಲಿ ಸೆಟ್ರೊರೆಲಿಕ್ಸ್ ಇಂಜೆಕ್ಷನ್ ಒಯ್ಯುವುದು ಹೇಗೆ?

ಅಕ್ಕಂದಿರೇ, ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ನಡೆಯುತ್ತಿದೆ. ಅಂಡ ತೆಗೆಯುವ ಮೊದಲೇ ಅದು ತಾನಾಗಿ ಬಿಡುಗಡೆ ಆಗದಂತೆ ದಿನಾ ಬೆಳಿಗ್ಗೆ 8ಕ್ಕೆ ಸೆಟ್ರೊರೆಲಿಕ್ಸ್ 0.25 ಮಿಲಿಗ್ರಾಂ, ಹೊಕ್ಕುಳಿನ ಕೆಳಗೆ. ಮೊದಲನೆಯದನ್ನು ನರ್ಸ್ ಕೊಟ್ಟರು. ಇಂದು ನಾನೇ ತೆಗೆದುಕೊಂಡೆ. ಪುಡಿಗೆ ನೀರು ಸೇರಿಸಿ ಮೆಲ್ಲಗೆ ತಿರುಗಿಸಿದೆ. ಜೋರಾಗಿ ಅಲ್ಲಾಡಿಸಿದರೆ ಗುಳ್ಳೆ ಏಳುತ್ತದಂತೆ. ಕೈ ನಡುಗುತ್ತಿತ್ತು. ಚುಚ್ಚಿದ ಜಾಗ ಎಂಟಾಣೆಯಷ್ಟು ಕೆಂಪಾಗಿ ತುರಿಸಿತು, ಆಮೇಲೆ ಇಳಿಯಿತು. ಅಷ್ಟು ಸಾಮಾನ್ಯ, ಉಸಿರು ಕಟ್ಟಿದರೆ, ಮುಖ ಊದಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದಿದ್ದಾರೆ.

ಚಿಂತೆ ಈಗ ಫ್ರಿಜ್ಜಿನದು. ನಾಡಿದ್ದು ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್. ಡಬ್ಬಿಯ ಮೇಲೆ 2ರಿಂದ 8 ಡಿಗ್ರಿ ಎಂದಿದೆ. ಐಸ್ ಪ್ಯಾಕಿಗೆ ನೇರ ತಾಗಿದರೆ ಹೆಪ್ಪುಗಟ್ಟಬಹುದು ಅಲ್ವಾ? ನಡುವೆ ಟವೆಲ್ ಇಟ್ಟರೆ ಸಾಕಾ? ಒಯ್ದವರು ದಯವಿಟ್ಟು ಹೇಳಿ. ಡೋಸ್ ಮಾತ್ರ ಡಾಕ್ಟರನ್ನೇ ಕೇಳುತ್ತೇನೆ.