ಹಳೇ ಫೋಟೋದಲ್ಲಿ ಕಣ್ಣಿನ ಮೇಲೆಯೇ ಬಿರುಕು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಜ್ಜ ಅಜ್ಜಿಯ ಮದುವೆಯ ಕಪ್ಪು ಬಿಳುಪು ಫೋಟೋ ಒಂದೇ ಒಂದು ಉಳಿದಿದೆ. ಯಾರೋ ಅದನ್ನು ಮಡಚಿ ಇಟ್ಟಿದ್ದರು. ಮಡಿಸಿದ ಗೆರೆ ಸರಿಯಾಗಿ ಅಜ್ಜಿಯ ಎಡಗಣ್ಣಿನ ಮೇಲೇ ಹಾದುಹೋಗಿದೆ.

600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ ಟಿಫ್ (ವಿವರ ಕಳೆಯದ ಚಿತ್ರ) ಫೈಲ್ ಆಗಿ ಇಟ್ಟುಕೊಂಡಿದ್ದೇನೆ. ಅದನ್ನು ಮುಟ್ಟಿಲ್ಲ, ಕಾಪಿಯ ಮೇಲೆ ಗಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಕೆಲಸ. ಹಿಂದಿನ ಗೋಡೆ, ಬಟ್ಟೆ ಮೇಲಿನ ಚುಕ್ಕೆಗಳು ಹೀಲ್ ಟೂಲ್‌ನಿಂದ (ಕಲೆಯನ್ನು ಸುತ್ತಲಿನ ಬಣ್ಣಕ್ಕೆ ಹೊಂದಿಸಿ ಮುಚ್ಚುವ ಬ್ರಷ್) ಸುಲಭವಾಗಿ ಹೋದವು. ಕಣ್ಣಿನ ಹತ್ತಿರ ಬಂದ ಕೂಡಲೇ ಮಸಿ ಒರೆಸಿದ ಹಾಗೆ ಆಗುತ್ತಿದೆ. ಒಂದು ಭಾಗವನ್ನು ಇನ್ನೊಂದೆಡೆ ಹಾಗೆಯೇ ನಕಲು ಮಾಡುವ ಕ್ಲೋನ್ ಟೂಲ್ ಬಳಸಿದರೆ ಒಂದೇ ಗುರುತು ಮತ್ತೆ ಮತ್ತೆ ಕಾಣುತ್ತದೆ. ಬಲಗಣ್ಣನ್ನೇ ಕಾಪಿ ಮಾಡಿ, ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿ ಎಡಗಣ್ಣಿನ ಜಾಗದಲ್ಲಿ ಕೂರಿಸಿದೆ. ನೆರಳು ಉಲ್ಟಾ ಆಯಿತು. ಎಐ ಆ್ಯಪ್ ಒಂದನ್ನೂ ನೋಡಿದೆ. ಮುಖವೇನೋ ನುಣುಪಾಯಿತು, ಆದರೆ ಅದು ನಮ್ಮ ಅಜ್ಜಿ ಅಲ್ಲ!

ಇನ್ನೊಂದು ತಲೆನೋವು: ಫೋಟೋ ಕಾಗದದ ಮೇಲೆ ಜೇನುಗೂಡಿನಂಥ ಉಬ್ಬುಗಳಿವೆ. ಫೋಟೋವನ್ನು 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಆ ಚಿತ್ರವನ್ನು ನೆಟ್ಟಗೆ ಮಾಡಿಕೊಂಡು ಎರಡನ್ನೂ ಬೆರೆಸಿದರೆ ಅದು ಕಡಿಮೆಯಾಗುತ್ತದಂತೆ. ಯಾರಾದರೂ ಮಾಡಿ ನೋಡಿದ್ದೀರಾ? ಆ ಎರಡು ಸ್ಕ್ಯಾನ್‌ಗಳ ಲೇಯರ್‌ಗಳನ್ನು (ಪದರಗಳನ್ನು) ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸುವುದು ಹೇಗೆ? ಕಣ್ಣಿಗೆ ಬ್ರಷ್ ಎಷ್ಟು ಚಿಕ್ಕದಿರಬೇಕು? ನಾನು ಹೊಸಬ, ಸ್ವಲ್ಪ ಬಿಡಿಸಿ ಹೇಳಿ.