ಹೆಲಿಸೀನ್‌ನ ಎರಡು ರೂಪಗಳಿಗೆ ‘ಬಲಮುರಿ’, ‘ಎಡಮುರಿ’ ಸರಿಹೋಗುತ್ತವೆಯೇ?

ಹೆಲಿಸೀನ್ ಎಂಬ ಅಣುಗಳ ಬಗ್ಗೆ ಪದವಿ ವಿದ್ಯಾರ್ಥಿಗಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಹೆಸರನ್ನು ಕನ್ನಡಿಸುವ ಹಂಬಲವಿಲ್ಲ. ಬೆಂಜೀನ್ ಬೆಂಜೀನ್ ಆಗಿಯೇ ಉಳಿದಿರುವಾಗ ಹೆಲಿಸೀನ್‌ಗೆ ಬೇರೆ ನ್ಯಾಯವೇಕೆ? ತೊಡಕಿರುವುದು ಅದರ ಎರಡು ರೂಪಗಳನ್ನು ಏನೆಂದು ಕರೆಯಬೇಕು ಎಂಬಲ್ಲಿ.

ಬೆಂಜೀನ್ ಉಂಗುರಗಳನ್ನು ಅಂಚಿಗೆ ಅಂಚು ಕೂಡಿಸಿ ಒಂದೇ ಕಡೆಗೆ ಬಾಗಿಸುತ್ತ ಹೋದರೆ ಆರನೆಯ ಉಂಗುರ ಮೊದಲನೆಯದಕ್ಕೆ ಅಡ್ಡ ಬರುತ್ತದೆ. ಜಾಗ ಸಾಲದೆ ಒಂದು ತುದಿ ಮೇಲೇಳುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ, ಅಣು ಸುರುಳಿಯಾಗುತ್ತದೆ. ಅದು ಬಲಕ್ಕೂ ಸುತ್ತಬಹುದು, ಎಡಕ್ಕೂ ಸುತ್ತಬಹುದು. 1956ರಲ್ಲಿ ಅಮೆರಿಕದ ಓಹಾಯೋದಲ್ಲಿ ಮೆಲ್ವಿನ್ ನ್ಯೂಮನ್ ಮತ್ತು ಡೇನಿಯಲ್ ಲೆಡ್ನಿಸರ್ ಆರುಂಗುರದ ಹೆಲಿಸೀನನ್ನು ತಯಾರಿಸಿದರು, ಎರಡು ರೂಪಗಳನ್ನು ಬೇರ್ಪಡಿಸಿಯೂ ತೋರಿಸಿದರು. ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ತಿರುಗಿಸುವ ಶಕ್ತಿಯನ್ನು ಅಳೆಯುವ ಮಾನದಲ್ಲಿ ಸಕ್ಕರೆಯದು 66 ಡಿಗ್ರಿಯ ಆಸುಪಾಸಾದರೆ ಇದರದು 3,600ಕ್ಕೂ ಮೇಲೆ. ರಸಾಯನಶಾಸ್ತ್ರಜ್ಞರು ಬಲಸುತ್ತಿನದಕ್ಕೆ ‘ಪಿ’ ಎಂದೂ ಎಡಸುತ್ತಿನದಕ್ಕೆ ‘ಎಂ’ ಎಂದೂ ಗುರುತು ಹಾಕುತ್ತಾರೆ.

ಇವಕ್ಕೆ ನನಗೆ ಮೊದಲು ಹೊಳೆದದ್ದು ಬಲಮುರಿ, ಎಡಮುರಿ. ಇಲ್ಲಿ ‘ಮುರಿ’ ಎಂದರೆ ತಿರುಗು. ಪದ ಹಳೆಯದು, ಕಿವಿಗೂ ಹಿತ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಮೇಲೆ ಎರಡೂ ಹೆಸರಿನ ಜಾಗಗಳೇ ಇವೆ. ಆದರೆ ಶಂಖ ಅಡ್ಡಗಾಲು ಹಾಕಿತು. ಜೀವಶಾಸ್ತ್ರದವರು ಚಿಪ್ಪಿನ ಸುರುಳಿಯ ತುದಿಯನ್ನು ಮೇಲೆ ಮಾಡಿ ಹಿಡಿದು, ಬಾಯಿ ಬಲಕ್ಕಿದ್ದರೆ ಬಲಸುತ್ತು ಎನ್ನುತ್ತಾರೆ. ಪೂಜೆಯ ಲೆಕ್ಕದಲ್ಲಿ ಆ ತುದಿ ಕೆಳಗಿರುತ್ತದೆ. ಹಾಗಾಗಿ ಅಪರೂಪವೆಂದು ದುಬಾರಿ ಬೆಲೆಗೆ ಮಾರುವ ಬಲಮುರಿ ಶಂಖ ವಿಜ್ಞಾನದ ಲೆಕ್ಕದಲ್ಲಿ ಎಡಸುತ್ತು, ಅಂದರೆ ‘ಎಂ’! ಇನ್ನು ಬಲಮುರಿ ಗಣಪತಿಯ ಬಲ ಅವನದೋ ನೋಡುವವರದೋ ಎಂಬ ಜಗಳ ಬೇರೆ. ವಿದ್ಯಾರ್ಥಿ ಎಡವುವುದು ಖಂಡಿತ.

ಸದ್ಯಕ್ಕೆ ನಾನು ‘ಬಲತಿರುಪು’, ‘ಎಡತಿರುಪು’ ಎಂದು ಬರೆದಿಟ್ಟಿದ್ದೇನೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ತಿರುಪುಮೊಳೆ ‘ಪಿ’ ಜಾತಿಯದೇ. ಅದನ್ನು ತಲೆಕೆಳಗು ಮಾಡಿದರೂ ಸುತ್ತು ಬದಲಾಗುವುದಿಲ್ಲ. ಎಡಗೈ ಬಲಗೈಗಳಂತೆ ತನ್ನ ಕನ್ನಡಿ ಬಿಂಬದೊಡನೆ ಹೊಂದಿಕೂರದ ಇಂಥ ಅಣುಗಳಿಗಿರುವ ‘ಕೈರಲ್’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಗ್ರೀಕಿನಲ್ಲೂ ಅದರ ಮೂಲಾರ್ಥ ‘ಕೈ’. ಆಕಸ್ಮಿಕವೇ ಆದರೂ ನಮಗೆ ಒದಗಿಬಂದ ಲಾಭ.

ಇನ್ನೊಂದು ಸಣ್ಣ ಕಿರಿಕಿರಿ. ಸ್ಟಿಲ್ಬೀನ್ ಬಗೆಯ, ಅಂದರೆ ಎರಡು ಉಂಗುರಗಳ ನಡುವೆ ಜೋಡಿಬಂಧದ ಕೊಂಡಿಯಿರುವ, ಅಣುವನ್ನು ಅಯೋಡಿನ್ ಜೊತೆ ತೆಳು ದ್ರಾವಣವಾಗಿಸಿ ನೇರಳಾತೀತ ಬೆಳಕು ಹಾಯಿಸಿದರೆ ಹೊಸ ಉಂಗುರ ಕೂಡಿಕೊಳ್ಳುತ್ತದೆ, ಅಯೋಡಿನ್ ಎರಡು ಹೈಡ್ರೋಜನ್‌ಗಳನ್ನು ಕಸಿದುಕೊಳ್ಳುತ್ತದೆ. ಬ್ರಸೆಲ್ಸ್‌ನ ರಸಾಯನಶಾಸ್ತ್ರಜ್ಞ ಮಾರ್ಟಿನ್ 1967ರಲ್ಲಿ ಏಳುಂಗುರದ ಹೆಲಿಸೀನನ್ನು ಪಡೆದದ್ದು ಬೆಳಕಿನ ಈ ದಾರಿಯಲ್ಲೇ. ಇದನ್ನು ‘ದ್ಯುತಿಸಂಶ್ಲೇಷಣೆ’ ಎಂದರೆ ಓದುಗರ ಕಣ್ಣ ಮುಂದೆ ಹಸಿರೆಲೆ ಬರುತ್ತದೆ. ‘ಬೆಳಕಿನಿಂದ ಉಂಗುರಗಟ್ಟಿಸುವುದು’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಗೊಂದಲವಿಲ್ಲ.

ಈಗ ಕೇಳಬೇಕಾದದ್ದು: ಹಗ್ಗ ಹೊಸೆಯುವವರು, ನೂಲಿಗೂ ರೇಷ್ಮೆಗೂ ಹುರಿ ಹಾಕುವವರು ಎರಡು ದಿಕ್ಕಿನ ಹುರಿಗಳನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆಯೇ? ನಿಮ್ಮ ಊರಿನ ಬಳಕೆಯಲ್ಲಿ ಅಂಥ ಜೋಡಿ ಪದವಿದ್ದರೆ, ಯಾವುದು ಯಾವ ಕಡೆಯ ಸುತ್ತು ಎಂಬುದನ್ನೂ ಸೇರಿಸಿ ತಿಳಿಸಿ. ತಿರುಪನ್ನು ಕೈಬಿಡಲು ನನ್ನ ಅಭ್ಯಂತರವಿಲ್ಲ.