ಸಹಾಯ ಬೇಕು: ಕ್ಯಾನ್ಸರ್ ಸಾವು ನಿಜಕ್ಕೂ ಹೆಚ್ಚಿದೆಯೇ, ಕಾಕತಾಳೀಯವೇ?

ನಮಸ್ಕಾರ. ಸುಮಾರು 2,000 ಜನರಿರುವ ನಮ್ಮ ಬಡಾವಣೆಯ ಇಪ್ಪತ್ತು ವರ್ಷಗಳ ಮರಣ ದಾಖಲೆಗಳನ್ನು ಮೂರು ತಿಂಗಳಿಂದ ಒಟ್ಟುಗೂಡಿಸುತ್ತಿದ್ದೇನೆ. ಮೊದಲ ಐದು ವರ್ಷಗಳಲ್ಲಿ ಕ್ಯಾನ್ಸರ್‌ನಿಂದ ಸತ್ತವರು 4, ಕೊನೆಯ ಐದು ವರ್ಷಗಳಲ್ಲಿ 9. ಎರಡು ಪಟ್ಟಿಗಿಂತ ಹೆಚ್ಚು ಎಂದು ಅಕ್ಕಪಕ್ಕದವರು ನೀರನ್ನು ದೂರುತ್ತಿದ್ದಾರೆ. ನನಗೂ ದಿಗಿಲಾಗಿದೆ.

ಆದರೆ ಲೆಕ್ಕ ಹಾಕಿದಾಗ 4ರ ಶೇ 95 ವಿಶ್ವಾಸಾಂತರ (ಆಕಸ್ಮಿಕ ಏರಿಳಿತವನ್ನು ಗಣಿಸಿದರೆ ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಸುಮಾರು 1ರಿಂದ 10, 9ರದ್ದು 4ರಿಂದ 17. ಎರಡೂ ವ್ಯಾಪ್ತಿಗಳು ಒಂದರ ಮೇಲೊಂದು ಬೀಳುತ್ತಿವೆ, ಅಂದರೆ ಈ ಏರಿಕೆ ಕಾಕತಾಳೀಯವೂ ಇರಬಹುದು. ಅದೂ ಅಲ್ಲದೆ ಈಗ ಇಲ್ಲಿ ವೃದ್ಧರು ಹೆಚ್ಚು. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದು ಸಹಜ. ಆ 9 ಸಾವುಗಳೂ ಒಂದೇ ಬಗೆಯವಲ್ಲ: ಶ್ವಾಸಕೋಶ, ಸ್ತನ, ಬಾಯಿ, ಜಠರ ಹೀಗೆ ಹಂಚಿಹೋಗಿವೆ. ಹಳೆಯ ದಾಖಲೆಗಳನ್ನು ನಂಬುವುದೂ ಕಷ್ಟ. ಎರಡು ವರ್ಷ ಜಠರದ ಕ್ಯಾನ್ಸರ್‌ನಿಂದ ನರಳಿದ ಅಜ್ಜಿಯೊಬ್ಬರ ಹೆಸರಿನ ಮುಂದೆ ನೀಲಿ ಶಾಯಿಯಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಇದೆ. ಅಂಥವರು ಇನ್ನೆಷ್ಟು ಮಂದಿಯೋ!

ವಯೋಮಾನಕ್ಕೆ ಹೊಂದಿಸಿದ ಮರಣ ದರ (ವೃದ್ಧರ ಪಾಲು ಹೆಚ್ಚಿದ್ದರಿಂದ ಆಗುವ ವ್ಯತ್ಯಾಸವನ್ನು ಕಳೆದ ದರ) ತೆಗೆಯಲು ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಿತ ಜನಸಂಖ್ಯೆಯನ್ನು, ಅಂದರೆ ಹೋಲಿಕೆಗಾಗಿ ಅದು ಗೊತ್ತುಮಾಡಿರುವ ವಯೋವಾರು ಜನರ ಪಾಲನ್ನು, ಬಳಸಿ ನೋಡಿದೆ. ಒಂದೊಂದು ವಯೋಗುಂಪಿನಲ್ಲಿ ಸೊನ್ನೆಯೋ ಒಂದೋ ಸಾವು ಇರುವುದರಿಂದ, ಒಬ್ಬರು ಹೆಚ್ಚಾದರೂ ದರ ನೆಗೆದುಬಿಡುತ್ತದೆ. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿಯೇ.

ಇಷ್ಟು ಕಡಿಮೆ ಸಾವುಗಳಿರುವಾಗ ಆ ವಿಧಾನವನ್ನು ಬಿಟ್ಟು, ದೊಡ್ಡ ಜನಸಂಖ್ಯೆಯ ವಯೋವಾರು ದರದಿಂದ ‘ನಿರೀಕ್ಷಿತ ಸಾವು’ ಲೆಕ್ಕಹಾಕಿ ನಮ್ಮ 9ರೊಂದಿಗೆ ಹೋಲಿಸುವುದು ಸರಿಯೇ? ಹಾಗೆ ಮಾಡಿದರೆ, ಕಾರಣ ತಪ್ಪಾಗಿ ದಾಖಲಾದ ಹಳೆಯ ಸಾವುಗಳನ್ನು ಮನೆಯವರ ಮಾತಿನ ಆಧಾರದ ಮೇಲೆ ಸೇರಿಸಬಹುದೇ, ಬಿಡಬೇಕೇ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.